ಸದ್ದು ಮಾಡದ ಪ್ಯಾನಲ್

ಹೋದ ತಿಂಗಳು ಪೀಣ್ಯ ಎರಡನೇ ಹಂತದಲ್ಲಿ ಒಂದು ಕೆಲಸವಿತ್ತು. ಮೆಟ್ರೊ ಇಳಿದು ಒಳರಸ್ತೆಗೆ ತಿರುಗಿದ್ದೆ. ಮಳೆ ನಿಂತು ಹತ್ತು ನಿಮಿಷವಾಗಿರಬೇಕು, ಲಾರಿಗಳು ಎರಡೂ ಕಡೆ ಕೆಸರು ಎರಚಿಕೊಂಡು ಹೋಗುತ್ತಿದ್ದವು. ಯಾವುದೋ ಗೇಟಿನ ಸಂದಿಯಿಂದ, ಕೆಂಪಗೆ ಕಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿದಾಗ ಏಳುವ ವಾಸನೆ ಬಂತು. ಗೊತ್ತಿಲ್ಲದವರಿಗೆ ಅದನ್ನು ಹೇಳುವುದು ಕಷ್ಟ. ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆ ಹೊಗೆಯಾಡಿದಂತೆ ಇರುತ್ತದೆ, ಜೊತೆಗೆ ಒಂದಿಷ್ಟು ಕಮಟು. ನಾನು ಕೊಡೆ ಮಡಿಸುವುದನ್ನೂ ಮರೆತು ಅಲ್ಲೇ ಕಾಂಪೌಂಡಿನ ಪಕ್ಕ ನಿಂತುಬಿಟ್ಟೆ. ಒಂಬತ್ತು ವರ್ಷದ ಹಿಂದಿನ ಒಂದು ಮಳೆಗಾಲವನ್ನು ನಾನು ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿಕೊಂಡಿಲ್ಲ. ಅವತ್ತು ಸಂಜೆ ಮನೆಗೆ ಬಂದು ಬರೆಯಲು ಕುಳಿತೆ.

ಆಗ ನನಗೆ ಇಪ್ಪತ್ತಮೂರು. ರಾಣೆಬೆನ್ನೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಚಿಕ್ಕಬಾಣಾವರದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಇಬ್ಬರು ಹುಡುಗಿಯರ ಜೊತೆ ಒಂದು ರೂಮು ಹಿಡಿದಿದ್ದೆ. ಕೆಲಸ ಸಿಕ್ಕಿದ್ದು ಪೀಣ್ಯದ ಒಂದು ಸಣ್ಣ ಘಟಕದಲ್ಲಿ. ಶೀಟಿನ ಮಾಡಿನ ಶೆಡ್ಡು, ಎಂಟು ಜನ. ಕುಲುಮೆಗಳಿಗೆ, ದೊಡ್ಡ ಓವನ್‌ಗಳಿಗೆ ಕರೆಂಟನ್ನು ಬೇಕಾದಷ್ಟೇ ಅಳೆದು ಬಿಡುವ ಪ್ಯಾನಲ್‌ಗಳನ್ನು ಅಲ್ಲಿ ತಯಾರು ಮಾಡುತ್ತಿದ್ದರು. ಮಾಲೀಕರು ಸುಧಾಕರ್, ಒಳ್ಳೆಯವರೇ, ಸದಾ ಫೋನಿನಲ್ಲಿರುವವರು. ಆದರೆ ಘಟಕ ನಡೆಯುತ್ತಿದ್ದುದು ಈಶ್ವರಯ್ಯ ಸಾರ್ ಅವರಿಂದ. ಚಿತ್ರದುರ್ಗದ ಕಡೆಯವರು, ಐವತ್ತೇಳು ವರ್ಷ, ಮೂವತ್ತು ವರ್ಷದಿಂದ ಟೆಸ್ಟ್ ಬೆಂಚಿನ ಮುಂದೆ ನಿಂತವರು. ಪ್ರತಿ ಪ್ಯಾನಲ್ಲೂ ಅವರ ಕೈ ದಾಟಿಯೇ ಹೊರಗೆ ಹೋಗಬೇಕು. ಬೆಳಿಗ್ಗೆ ಎಂಟೂವರೆಗೆ ಬರುವಾಗ ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಸ್ಕೇಲು ಹಿಡಿದು ಎಳೆದ ಹಾಗೆ ಇರುತ್ತಿತ್ತು.

ಮೊದಲನೆಯ ವಾರ ಅವರು ನನ್ನನ್ನು ಯಾವ ಪ್ಯಾನಲ್ಲಿನ ಹತ್ತಿರಕ್ಕೂ ಬಿಡಲಿಲ್ಲ. ಒಂದು ಮರದ ಹಲಗೆಯ ಮೇಲೆ ಹಳೆಯ ಕಾಲದ ಇನ್ನೂರು ವಾಟ್ ಬಲ್ಬು, ಟ್ರಯಾಕ್ ಎನ್ನುವ ಒಂದು ಸಣ್ಣ ಬಿಡಿಭಾಗ, ಒಂದು ತಿರುಗಿಸುವ ಗುಂಡಿ ಜೋಡಿಸಿ ಇಟ್ಟಿದ್ದರು. ಗುಂಡಿ ತಿರುಗಿಸಿದರೆ ಬಲ್ಬು ಮಂದವಾಗುತ್ತಿತ್ತು.

"ಮನೇಲಿ ಫ್ಯಾನಿಗೆ ರೆಗ್ಯುಲೇಟರ್ ತಿರುಗಿಸ್ತೀಯಲ್ಲ, ಒಳಗೆ ಏನಾಗುತ್ತೆ ಹೇಳು."

"ಕರೆಂಟು ಕಮ್ಮಿ ಆಗುತ್ತೆ ಸಾರ್."

"ಅದು ನನ್ನ ಹೆಂಡತಿಗೂ ಗೊತ್ತು. ಹೇಗೆ ಕಮ್ಮಿ ಆಗುತ್ತೆ?"

ಡಿಪ್ಲೊಮಾದಲ್ಲಿ ಓದಿದ್ದೆಲ್ಲ ಬಾಯಿಗೆ ಬಂತು, ಅರ್ಥ ಬರಲಿಲ್ಲ. ಅವರು ನಗಲಿಲ್ಲ. ಕರೆಂಟಿನ ಚಲನೆ ತೋರಿಸುವ ಸ್ಕೋಪಿನ ಪರದೆಯ ಮೇಲೆ ಏರಿ ಇಳಿಯುವ ಅಲೆಯನ್ನು ತೋರಿಸಿ ಹೇಳಿದರು.

"ಲೈನಿನಲ್ಲಿ ಬರೋ ಕರೆಂಟು ಒಂದೇ ಸಮ ಹರಿಯಲ್ಲಮ್ಮ. ಏರುತ್ತೆ, ಇಳಿಯುತ್ತೆ, ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟಿ ಹೋಗುತ್ತೆ. ಪ್ರತಿ ಸಲ ಸೊನ್ನೆ ಮುಟ್ಟಿದಾಗಲೂ ಈ ಟ್ರಯಾಕ್ ಮುಚ್ಕೊಳ್ಳುತ್ತೆ. ಮತ್ತೆ ತೆಗೀಬೇಕು ಅಂದ್ರೆ ಗೇಟು ಅನ್ನೋ ಈ ಕಾಲಿಗೆ ಒಂದು ಚಿಕ್ಕ ಏಟು ಕೊಡಬೇಕು. ಸೊನ್ನೆ ದಾಟಿದ ತಕ್ಷಣ ಕೊಟ್ಟರೆ ಪೂರ್ತಿ ಅಲೆ ಬಲ್ಬಿಗೆ ಹೋಗುತ್ತೆ. ಅಲೆಯ ನಡುವೆ ಕೊಟ್ಟರೆ ಉಳಿದ ಅರ್ಧ ಮಾತ್ರ ಹೋಗುತ್ತೆ. ಎಷ್ಟು ತಡ ಮಾಡ್ತೀಯೋ ಅಷ್ಟು ಮಂದ. ಇಷ್ಟೇ ವಿದ್ಯೆ, ಇದರ ಮೇಲೆ ನಾವೆಲ್ಲ ಅನ್ನ ತಿಂತಿದ್ದೀವಿ."

"ಮುಚ್ಚೋಕೂ ಗೇಟಿಗೇ ಹೇಳಬೇಕಾ ಸಾರ್?"

ಈ ಪ್ರಶ್ನೆ ಅವರಿಗೆ ಹಿಡಿಸಿತು ಅಂತ ಕಾಣುತ್ತದೆ. ಸ್ಟೂಲು ಎಳೆದುಕೊಂಡು ಕೂತರು. "ಗೇಟಿಗೆ ತೆಗೆಯೋದು ಮಾತ್ರ ಗೊತ್ತು. ಒಂದ್ಸಲ ತೆಗೆದ ಮೇಲೆ ಅದರ ಮಾತು ನಡೆಯಲ್ಲ. ಹರೀತಿರೋ ಕರೆಂಟು ತಾನಾಗೇ ಸೊನ್ನೆಗೆ ಇಳಿದಾಗ ಮುಚ್ಕೊಳ್ಳುತ್ತೆ."

ಮುಂದಿನ ದಿನಗಳಲ್ಲಿ ಉಳಿದದ್ದನ್ನು ಹೇಳಿಕೊಟ್ಟರು. ಟ್ರಯಾಕಿನ ಜಾತಿಯದೇ ಆದ ಥೈರಿಸ್ಟರ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಆದ್ದರಿಂದ ಎರಡನ್ನು ಒಂದಕ್ಕೊಂದು ಎದುರುಬದುರಾಗಿ ಜೋಡಿಸಬೇಕು. ಟ್ರಯಾಕ್ ಎಂದರೆ ಆ ಎರಡೂ ಒಂದೇ ತುಂಡಿನಲ್ಲಿ ಇರುವುದು, ಫ್ಯಾನು ದೀಪಗಳಂಥ ಸಣ್ಣ ಹೊರೆಗೆ ಸಾಕು. ಕುಲುಮೆಗೆ ಅಂಗೈ ಅಗಲದ ಥೈರಿಸ್ಟರ್ ಜೋಡಿಗಳೇ ಬೇಕು. ಕುಲುಮೆಯಲ್ಲಿ ಒಂದೊಂದು ಅಲೆಯನ್ನೂ ಕತ್ತರಿಸುತ್ತ ಕೂರುವ ಅಗತ್ಯವಿಲ್ಲ, ಹತ್ತು ಅಲೆ ಇಡಿಯಾಗಿ ಬಿಟ್ಟು ಹತ್ತು ತಡೆದರೆ ಶಾಖ ಅರ್ಧಕ್ಕೆ ನಿಲ್ಲುತ್ತದೆ. ಅವರು ಪುಸ್ತಕ ತೆರೆದದ್ದನ್ನು ನಾನು ನೋಡಲೇ ಇಲ್ಲ. ನಾನು ಮಾತ್ರ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಹಣೆಯ ವಿಭೂತಿ ಗೆರೆಗಳು ಸೊಟ್ಟಗಾಗತೊಡಗಿದ್ದನ್ನು ನಾನು ಆಗ ನೋಡಿದೆ. ಅವಸರದಲ್ಲಿ ಹಚ್ಚಿಕೊಂಡಿರಬೇಕು ಎಂದುಕೊಂಡೆ. ಆಮೇಲೆ ಬಲಗೈ ಕಂಡಿತು. ಸುಮ್ಮನೆ ಕೂತಾಗ ಅವರ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು, ನಡುವೆ ಒಂದು ಕಾಳು ಇಟ್ಟು ಹೊಸೆಯುತ್ತಿರುವ ಹಾಗೆ. ಕೆಲಸಕ್ಕೆ ಕೈ ಹಾಕಿದರೆ ಆ ಹೊಸೆತ ನಿಲ್ಲುತ್ತಿತ್ತು, ಆದರೆ ಕೈ ಬಿಗಿಯಾಗಿ, ನಿಧಾನವಾಗಿ, ಬೇರೆ ಯಾರದೋ ಎನ್ನುವಂತೆ ಹೋಗುತ್ತಿತ್ತು. ಅಷ್ಟರಲ್ಲಿ ಅವರು "ಶೈಲಾ, ಆ ಪ್ರೋಬ್ ಸ್ವಲ್ಪ ಹಿಡಿ, ನನ್ನ ಕನ್ನಡಕ ಸರಿ ಇಲ್ಲ" ಎನ್ನುವುದು ದಿನಕ್ಕೆ ನಾಲ್ಕು ಸಲ, ಆರು ಸಲ ಆಗಿತ್ತು.

ಒಂದು ದಿನ ಐದೂವರೆಗೆ ಎಲ್ಲರೂ ಹೊರಟಿದ್ದರು. ಶೀಟಿನ ಮೇಲೆ ಮಳೆ ಕಲ್ಲು ಸುರಿದಂತೆ ಸುರಿಯುತ್ತಿತ್ತು. ಈಶ್ವರಯ್ಯ ಸಾರ್ ಬಾಗಿಲ ಹತ್ತಿರ ರೇನ್‌ಕೋಟು ಹಾಕಿಕೊಂಡು ನಿಂತಿದ್ದರು. ನಾನು ಬ್ಯಾಗು ತೆಗೆದುಕೊಂಡು, ಕೈ ತೊಳೆದು ಬಂದರೂ ಅವರು ಅಲ್ಲೇ ಇದ್ದರು. ಮೊದಲನೆಯ ಗುಂಡಿಯನ್ನೇ ಇನ್ನೂ ಹಾಕುತ್ತಿದ್ದರು. ನಾನು ಹತ್ತಿರ ಹೋಗಿ ಐದೂ ಗುಂಡಿ ಹಾಕಿದೆ. ಅವರು ರಸ್ತೆಯ ಕಡೆ ನೋಡುತ್ತ ನಿಂತಿದ್ದರು.

"ಪಾರ್ಕಿನ್ಸನ್ ಅಂತಾರಂತೆ," ಎಂದರು. "ಯುಗಾದಿಗೆ ಮುಂಚೆನೇ ಗೊತ್ತಾಯ್ತು. ಸುಧಾಕರ್‌ಗೆ ಹೇಳಿಲ್ಲ."

"ಯಾಕೆ ಸಾರ್? ಅವರೇನು ಕೆಲಸದಿಂದ ತೆಗೆಯೋರಲ್ಲ."

"ತೆಗೆಯಲ್ಲ. ಪಾಪ ಅಂತ ಒಂದು ಕುರ್ಚಿ ಕೊಡ್ತಾನೆ. ಆಫೀಸಲ್ಲಿ ಫ್ಯಾನ್ ಕೆಳಗೆ ಕೂರಿಸ್ತಾನೆ. ಅಲ್ಲಿ ಕೂತು ನಾನೇನ್ ಮಾಡ್ಲಿ?" ರಸ್ತೆಯಿಂದ ನನ್ನ ಕಡೆ ತಿರುಗಿ ಹೇಳಿದರು: "ತಲೆ ಸರಿಯಾಗೇ ಇದೆ ಕಣಮ್ಮ. ಕೈ ಒಂದು ಮಾತು ಕೇಳ್ತಿಲ್ಲ. ನಿನ್ನ ಕೈ ಸ್ವಲ್ಪ ದಿನ ಕೊಡ್ತೀಯಾ?"

ಕೊಡುತ್ತೇನೆ ಎಂದೆ. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನನ್ನ ಹತ್ತಿರ ಯಾರೂ ಆಡಿರಲಿಲ್ಲ.

ಅಲ್ಲಿಂದ ಎರಡು ತಿಂಗಳು ನಾವು ಹಾಗೇ ನಡೆಸಿದೆವು. ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ಹೊರಗಿನಿಂದ ನೋಡುವವರಿಗೆ ಹಿರಿಯರು ಕಿರಿಯಳಿಗೆ ಕೆಲಸ ಕಲಿಸುತ್ತಿದ್ದಾರೆ ಎಂದು ಕಾಣಬೇಕು. ಕಾಣುತ್ತಲೂ ಇತ್ತು. ಸುಧಾಕರ್ ಸಾರ್ ಒಮ್ಮೆ ಹಾದು ಹೋಗುವಾಗ, "ಒಳ್ಳೆ ಶಿಷ್ಯೆ ಸಿಕ್ಕಿದ್ಳು ಕಣ್ರೀ ನಿಮಗೆ" ಎಂದರು. ಹತ್ತು ವರ್ಷಕ್ಕೆ ಕಲಿಯುವುದನ್ನು ನಾನು ಎರಡು ತಿಂಗಳಲ್ಲಿ ಕಲಿತೆ. ಅವರ ಕೈ ಸೋತದ್ದರಿಂದ ನನಗೆ ಸಿಕ್ಕ ವಿದ್ಯೆ ಅದು. ಇವತ್ತು ನಾನು ಮಾಡುವ ಕೆಲಸವೆಲ್ಲ ಅದರಿಂದಲೇ.

ಆಗ ಕೈಯಲ್ಲಿದ್ದ ದೊಡ್ಡ ಕೆಲಸ ಪೀಣ್ಯದ್ದೇ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕದ್ದು. ಗೇರುಗಳನ್ನು, ಬೋಲ್ಟುಗಳನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಜಾಗ. ಅವರ ಕುಲುಮೆಯ ಹಳೆಯ ಪ್ಯಾನಲ್ಲಿನಲ್ಲಿ ಕಾಂಟ್ಯಾಕ್ಟರ್ ಇತ್ತು. ಅದು ದೊಡ್ಡದೊಂದು ಸ್ವಿಚ್ಚಿನ ಹಾಗೆ, ಬಿಟ್ಟಾಗ ಟಕ್ ಎಂದು ಸದ್ದು ಮಾಡಿ ಮೂರೂ ಫೇಸನ್ನು ಕಡಿದುಬಿಡುತ್ತದೆ. ಅದರ ಬದಲು ನಮ್ಮ ಥೈರಿಸ್ಟರ್ ಪ್ಯಾನಲ್ ಕೂರಿಸಬೇಕಿತ್ತು. ಮೂರು ಫೇಸಿನ ಹೀಟರಿಗೆ ಎರಡು ಫೇಸಿನಲ್ಲಿ ಥೈರಿಸ್ಟರ್ ಹಾಕಿದರೆ ಸಾಕು, ಮೂರನೆಯದನ್ನು ನೇರವಾಗಿ ಬಿಡುತ್ತಾರೆ. ಎರಡನ್ನು ತಡೆದರೆ ಮೂರನೆಯದಕ್ಕೆ ವಾಪಸು ಹೋಗಲು ದಾರಿ ಇರುವುದಿಲ್ಲ, ಹೀಟರು ಆರುತ್ತದೆ. ಎಲ್ಲ ಕಡೆ ಹೀಗೇ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಹೀಟರು ಆರಿ ತಣ್ಣಗಿದ್ದರೂ ಆ ಮೂರನೆಯ ಫೇಸಿನ ಕರೆಂಟು ಹೀಟರಿನ ತಂತಿಯ ಮೇಲೆ ಕೂತೇ ಇರುತ್ತದೆ. ಮುಟ್ಟುವ ಮುನ್ನ ಗೋಡೆಯ ಮೇಲಿನ ಮುಖ್ಯ ಹ್ಯಾಂಡಲ್ ಎಳೆಯಲೇಬೇಕು.

ಇದಕ್ಕಾಗಿ ಈಶ್ವರಯ್ಯ ಸಾರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮಿಂಚಿನ ಗುರುತಿನ, ಇಂಗ್ಲಿಷಿನ ಕೆಂಪು ಸ್ಟಿಕರು ಪ್ರತಿ ಪ್ಯಾನಲ್ಲಿಗೂ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಅವರು ಒಂದು ಬಿಳಿ ಹಾಳೆಯ ಮೇಲೆ ದಪ್ಪ ಮಾರ್ಕರಿನಲ್ಲಿ ತಾವೇ ಕನ್ನಡದಲ್ಲಿ ಬರೆದು ಬಾಗಿಲಿನ ಮೇಲೆ ಅಂಟಿಸುತ್ತಿದ್ದರು: ಹೀಟರ್ ಆರಿದ್ದರೂ ಕರೆಂಟು ಇರುತ್ತದೆ, ಗೋಡೆಯ ಹ್ಯಾಂಡಲ್ ಎಳೆದು ನಂತರ ಮುಟ್ಟಿ. ಅವರ ಅಕ್ಷರ ಅಂಗಡಿಯ ಬೋರ್ಡಿನ ಅಕ್ಷರದಂತೆ ದುಂಡಗೆ ಇರುತ್ತಿತ್ತಂತೆ. ಹಳೆಯ ಪ್ಯಾನಲ್‌ಗಳ ಫೋಟೊಗಳಲ್ಲಿ ನಾನೂ ನೋಡಿದ್ದೆ.

ಪ್ಯಾನಲ್ ಕಳಿಸುವ ಹಿಂದಿನ ದಿನ ಮಧ್ಯಾಹ್ನ ಅವರು ಆ ಹಾಳೆ ಬರೆಯಲು ಕೂತರು.

"ನಾನು ಬರೀಲಾ ಸಾರ್?" ಎಂದೆ.

"ಇದೊಂದು ನನಗೆ ಬಿಡಮ್ಮ," ಎಂದರು.

ಕಾಲು ಗಂಟೆ ಹಿಡಿಯಿತು. ಮೊದಲ ಪದ ಹೇಗೋ ಓದುವಂತಿತ್ತು. ಎರಡನೆಯದು ಅದರ ಅರ್ಧ. ಆ ರೋಗದಲ್ಲಿ ಬರಹ ಹೀಗೆ ಕುಗ್ಗುತ್ತ ಹೋಗುತ್ತದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಕ್ಷರಗಳು ಸಾಸಿವೆಯಷ್ಟಾಗಿ ಒಂದರ ಮೇಲೊಂದು ಬಿದ್ದಿದ್ದವು, ದಪ್ಪ ಮಾರ್ಕರಿನಲ್ಲಿ ಬರೆದದ್ದರಿಂದ ಶಾಯಿ ಕೂಡಿಕೊಂಡು ಕಪ್ಪು ಗೆರೆಯಂತೆ ಕಾಣುತ್ತಿತ್ತು. ಅವರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಓದೋಕೆ ಬರುತ್ತಾ?" ಎಂದು ಕೇಳಿದರು.

"ಬರುತ್ತೆ ಸಾರ್," ಎಂದೆ.

ಬೇರೆ ಹಾಳೆ ಬರೆದು ಅಂಟಿಸಲು ನನಗೆ ಎರಡು ನಿಮಿಷ ಸಾಕಿತ್ತು. ಆದರೆ ಮಾರನೆಯ ದಿನ ಪ್ಯಾನಲ್ ಕೂರಿಸಲು ಅವರೂ ಬರುವವರಿದ್ದರು. ತಮ್ಮ ಹಾಳೆಯ ಜಾಗದಲ್ಲಿ ನನ್ನ ಅಕ್ಷರ ಕಂಡರೆ ಅವರ ಮುಖ ಹೇಗಾಗಬಹುದು ಎಂದು ನೆನೆದು, ಅವರು ಕೊಟ್ಟದ್ದನ್ನೇ ಪ್ಯಾನಲ್ಲಿನ ಬಾಗಿಲಿಗೆ ಅಂಟಿಸಿದೆ. ವರದಿಗೆ ಬೇಕೆಂದು ಫೋಟೊನೂ ತೆಗೆದೆ.

ಶ್ರಾವಣದ ಒಂದು ಗುರುವಾರ ಪ್ಯಾನಲ್ ಕೂರಿಸಿದೆವು. ಕುಲುಮೆ ನೋಡಿಕೊಳ್ಳುತ್ತಿದ್ದವನು ಮಲ್ಲಣ್ಣ. ಸಿಂದಗಿ ಕಡೆಯವನು, ನಲವತ್ತರ ಹತ್ತಿರ, ಹದಿನೈದು ವರ್ಷದಿಂದ ಅದೇ ಕುಲುಮೆ. ಹೆಂಡತಿ ಕಾಶೀಬಾಯಿಯ ಜೊತೆ ಹಿಂದಿನ ಬೀದಿಯಲ್ಲಿ ಶೀಟಿನ ಒಂದು ಕೋಣೆಯಲ್ಲಿದ್ದ. ದಿನವಿಡೀ ನಮ್ಮ ಪಕ್ಕದಲ್ಲೇ ನಿಂತು ತಂತಿ ಎಳೆದುಕೊಟ್ಟ, ಸ್ಪ್ಯಾನರ್ ಕೇಳುವ ಮೊದಲೇ ಕೈಗಿಟ್ಟ. ಎಲ್ಲ ಸರಿಯಾಯಿತು. ಮೂರೂವರೆಗೆ ಕುಲುಮೆ ಏರಿತು, ಹೇಳಿದ ಶಾಖಕ್ಕೆ ನಿಂತಿತು. ಮಲ್ಲಣ್ಣ ಮೀಟರನ್ನೇ ನೋಡುತ್ತ, "ಎಣ್ಣಿ ಹಚ್ಚಿದಂಗ ಏರ್ತೈತಲ್ರಿ" ಎಂದು ನಕ್ಕ.

ಸಾಮಾನ್ಯವಾಗಿ ಇಲ್ಲಿಂದ ಮುಂದೆ ಈಶ್ವರಯ್ಯ ಸಾರ್ ಕೆಲಸ. ಕುಲುಮೆಯವರನ್ನು ಪ್ಯಾನಲ್ಲಿನ ಮುಂದೆ ನಿಲ್ಲಿಸಿಕೊಂಡು, ಹಾಳೆಯನ್ನು ಓದಿಸಿ, ಗೋಡೆಯ ಹ್ಯಾಂಡಲನ್ನು ಅವರ ಕೈಯಲ್ಲೇ ಎಳೆಸಿ ತೋರಿಸುತ್ತಿದ್ದರು. ಆದರೆ ನಾಲ್ಕು ಗಂಟೆಯ ಹೊತ್ತಿಗೆ ಅವರ ಮಾತ್ರೆಯ ಬಲ ಇಳಿಯಿತು. ಕುಲುಮೆಯ ಪಕ್ಕದ ಸ್ಟೂಲಿನಿಂದ ಎದ್ದವರು ಹೆಜ್ಜೆ ಕಿತ್ತಿಡಲಾರದೆ ನಿಂತುಬಿಟ್ಟರು. ಅಲ್ಲಿನ ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಸುಧಾಕರ್ ಸಾರ್‌ಗೆ ಫೋನು ಮಾಡಿದರೆ ಎಲ್ಲ ಮುಗಿಯಿತು ಎಂದು ನನಗೆ ಹೆದರಿಕೆ. "ಸಾರ್‌ಗೆ ಮೊಣಕಾಲು ನೋವು" ಎಂದೆ. ಅವರ ತೋಳು ಹಿಡಿದು ಆಟೊದ ಕಡೆ ನಡೆಸಿದೆ. ಮಳೆ ಜೋರಾಗುತ್ತಿತ್ತು. ಅವರನ್ನು ಆಟೊದಲ್ಲಿ ಕೂರಿಸಿ ಉಪಕರಣದ ಪೆಟ್ಟಿಗೆಗಾಗಿ ಓಡಿ ಬಂದೆ.

ಮಲ್ಲಣ್ಣ ಪೆಟ್ಟಿಗೆ ಎತ್ತಿ ಕೊಡುತ್ತ ಕೇಳಿದ: "ಅಕ್ಕಾರ, ಹಳೇದು ಬಂದ್ ಆದ್ರ ಟಕ್ ಅಂತಿತ್ರಿ. ಇದು ಅನ್ನೂದಿಲ್ಲೇನು?"

"ಇಲ್ಲ, ಇದು ಸದ್ದು ಮಾಡಲ್ಲ," ಎಂದೆ. "ಸೊನ್ನೆಗೆ ಇಟ್ರೆ ಆಫ್."

ಇಷ್ಟೇ ಹೇಳಿದೆ. ಪೆಟ್ಟಿಗೆ ಎತ್ತಿಕೊಂಡು ಆಟೊ ಹತ್ತಿದೆ.

ಹದಿನೆಂಟು ದಿನ ಕಳೆದಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಬಂತು. ಕುಲುಮೆಯ ಒಂದು ಹೀಟರು ಸುಟ್ಟಿತ್ತಂತೆ, ಮಲ್ಲಣ್ಣ ಅದನ್ನು ಬದಲಿಸಲು ಹೋಗಿದ್ದ. ಪ್ಯಾನಲ್ಲಿನ ಗುಂಡಿಯನ್ನು ಸೊನ್ನೆಗೆ ಇಟ್ಟು, ಕುಲುಮೆ ಆರುವ ತನಕ ಎರಡು ಗಂಟೆ ಕಾದು, ಹಿಂಬದಿಯ ಮುಚ್ಚಳ ತೆಗೆದು, ಬಲಗೈಯಲ್ಲಿ ಹೀಟರಿನ ತಂತಿ ಸೇರುವ ಟರ್ಮಿನಲ್ ಹಿಡಿದಿದ್ದಾನೆ. ಎಡ ಮೊಣಕೈ ಕುಲುಮೆಯ ಕಬ್ಬಿಣಕ್ಕೆ ತಾಗಿತ್ತು. ಹಿಡಿದ ಕೈ ಬಿಡಲಾಗಲಿಲ್ಲ. ಪಕ್ಕದ ಲೇತಿನವನೊಬ್ಬ ಓಡಿ ಬಂದು ಗೋಡೆಯ ಹ್ಯಾಂಡಲ್ ಎಳೆದ ಮೇಲೆ ಕೆಳಗೆ ಬಿದ್ದ. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳು ತೆಗೆದರು, ಉಳಿದ ಮೂರು ಮತ್ತೆ ಬಾಗಲೇ ಇಲ್ಲ.

ಮರುದಿನ ಸುಧಾಕರ್ ಸಾರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಮೇಜಿನ ಮೇಲೆ ನನ್ನ ವರದಿಯಿತ್ತು. ಮುಖ ಬಾಡಿತ್ತು, ಆದರೂ ಮಾತಿನಲ್ಲಿ ಒಂದು ಸಮಾಧಾನ ಇತ್ತು. "ನೋಡಿ, ನಮ್ಮ ಪ್ಯಾನಲ್ ಸರಿಯಾಗಿದೆ. ಎಚ್ಚರಿಕೆ ಅಂಟಿಸಿದ್ದೀವಿ, ಫೋಟೊ ಇದೆ. ಅವನು ಹ್ಯಾಂಡಲ್ ಎಳೀದೆ ಕೈ ಹಾಕಿದ್ದಾನೆ. ಅವರ ಕಂಪನಿಯವರೂ ಹಾಗೇ ಬರೆದುಕೊಡ್ತಾರಂತೆ, ಕೆಲಸಗಾರನ ಅಜಾಗರೂಕತೆ ಅಂತ. ಪಾಪ, ಬೇಜಾರಾಗುತ್ತೆ. ಆದ್ರೆ ನಾವೇನ್ ಮಾಡೋಕಾಗುತ್ತೆ ಹೇಳ್ರೀ."

ಈಶ್ವರಯ್ಯ ಸಾರ್ ಎದ್ದು ಆ ಫೋಟೊ ಇದ್ದ ಪುಟವನ್ನು ಅವರ ಮುಂದೆ ಸರಿಸಿದರು.

"ಓದಿ, ಸುಧಾಕರ್."

"ಏನು?"

"ನಾನು ಬರೆದಿದ್ದನ್ನ ಓದಿ. ಜೋರಾಗಿ."

ಸುಧಾಕರ್ ಸಾರ್ ಕನ್ನಡಕ ಹಾಕಿಕೊಂಡರು. ಹೀಟರ್ ಎಂದರು. ಮುಂದಿನ ಪದಕ್ಕೆ ತಡವರಿಸಿದರು. ಪುಟವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಆಮೇಲೆ ನಿಧಾನವಾಗಿ ಕೆಳಗಿಟ್ಟು ಈಶ್ವರಯ್ಯ ಸಾರ್ ಅವರ ಕೈಯನ್ನು ನೋಡಿದರು. ಅದು ಪ್ಯಾಂಟಿನ ಹೊಲಿಗೆಯ ಮೇಲೆ ಕಾಳು ಹೊಸೆಯುತ್ತಿತ್ತು. ಅವತ್ತು ಅವರು ಅದನ್ನು ಜೇಬಿನಲ್ಲಿ ಮುಚ್ಚಿಡಲಿಲ್ಲ.

"ಯುಗಾದಿಯಿಂದ ಹೀಗಿದೆ," ಎಂದರು. "ನಿಮಗೆ ಹೇಳದೆ ಇದ್ದಿದ್ದು ನನ್ನ ತಪ್ಪು. ಬರೀಬಾರದಿತ್ತು, ಬರೆದೆ. ಅವತ್ತು ನಿಂತು ಹೇಳಿಕೊಡಬೇಕಿತ್ತು, ಆಗಲಿಲ್ಲ, ಬಂದ್ಬಿಟ್ಟೆ. ಅವನದ್ದು ಅಜಾಗರೂಕತೆ ಅಂತ ಬರೆದ್ರೆ ನಾನು ಒಪ್ಪಲ್ಲ."

ಸುಧಾಕರ್ ಸಾರ್ ನನ್ನ ಕಡೆ ತಿರುಗಿದರು. "ಇವಳಿಗೆ ಗೊತ್ತಿತ್ತಾ?"

"ಇಲ್ಲ," ಎಂದರು ಈಶ್ವರಯ್ಯ ಸಾರ್. "ಅವಳು ಮಗು. ಅವಳಿಗೇನೂ ಗೊತ್ತಿಲ್ಲ."

ನನಗೆ ಗೊತ್ತಿತ್ತು ಎಂದು ಹೇಳಲಿಲ್ಲ. ಓದಲು ಬರುತ್ತದೆ ಎಂದು ಸುಳ್ಳು ಹೇಳಿದವಳು ನಾನು ಎನ್ನಲಿಲ್ಲ. ಸೊನ್ನೆಗೆ ಇಟ್ಟರೆ ಆಫ್ ಎಂದು ಮಲ್ಲಣ್ಣನಿಗೆ ನನ್ನ ಬಾಯಿಂದಲೇ ಹೇಳಿದ್ದೆ, ಅದು ಆ ಕೋಣೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನೆಲ ನೋಡುತ್ತ ನಿಂತೆ. ಈಶ್ವರಯ್ಯ ಸಾರ್ ಅವತ್ತೇ ರಾಜೀನಾಮೆ ಬರೆದುಕೊಟ್ಟು ಹೋದರು. ಡ್ರಾಯರಿನಿಂದ ತಮ್ಮ ಸ್ಕ್ರೂ ಡ್ರೈವರು, ಕನ್ನಡಕದ ಡಬ್ಬಿ ತೆಗೆದುಕೊಂಡರು. ರೇನ್‌ಕೋಟನ್ನು ಹಾಕಿಕೊಳ್ಳದೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹನಿಯುವ ಮಳೆಯಲ್ಲೇ ನಡೆದು ಹೋದರು.

ನಾಲ್ಕು ದಿನ ನನಗೆ ನಿದ್ದೆ ಇರಲಿಲ್ಲ, ಅನ್ನ ಇಳಿಯುತ್ತಿರಲಿಲ್ಲ. ಮಲ್ಲಣ್ಣ ಆಸ್ಪತ್ರೆಯಿಂದ ಕೋಣೆಗೆ ಬಂದಿದ್ದಾನೆ ಎಂದು ಗೊತ್ತಾದ ದಿನ ಸಂಜೆ ಹೋದೆ. ಕಾಶೀಬಾಯಿ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಒಳಗೆ ಬನ್ನಿ ಎಂದಳು. ಮಲ್ಲಣ್ಣ ಗೋಡೆಗೆ ಒರಗಿ ಕೂತಿದ್ದ. ಬಲಗೈ ಬಿಳಿ ಬಟ್ಟೆಯಲ್ಲಿ ಸುತ್ತಿ ದಿಂಬಿನ ಮೇಲೆ ಇಟ್ಟಿತ್ತು. ನಾನು ಎಲ್ಲವನ್ನೂ ಹೇಳಿದೆ. ಹಾಳೆಯದ್ದು, ಅವಸರದ್ದು, ನಾನು ಆಡಿದ ಮಾತಿನದ್ದು.

ಅವನು ದಿಂಬಿನ ಮೇಲಿನ ಕೈಯನ್ನು ನೋಡಿದ.

"ಆ ಹಾಳಿ ನಾ ನೋಡಿದ್ದೆ ಅಕ್ಕಾರ," ಎಂದ. "ಕೈ ಹಾಕೂ ಮುಂಚೆ ಸೈತ ನೋಡಿದೆ. ಇರಿವಿ ಸಾಲು ಇದ್ದಂಗ ಇತ್ತು. ನಿಮ್ಮ ಕಂಪನಿ ಹೆಸರು ಇರಬೇಕು ಅನ್ಕೊಂಡೆ."

ನಾನು ಅಳತೊಡಗಿದೆ. ಕಾಶೀಬಾಯಿ ನೀರು ತಂದು ಮುಂದೆ ಇಟ್ಟಳು, ನನ್ನ ಮುಖ ನೋಡಲಿಲ್ಲ.

"ಸಿಟ್ಟೇನಿಲ್ರಿ ನನಗ," ಎಂದ ಮಲ್ಲಣ್ಣ. "ನೀವು ಬಂದು ಹೇಳಿದ್ರಿ, ಅಷ್ಟ ಸಾಕು. ಆದ್ರ ಈಗ ಹೋಗ್ರಿ. ನೀವು ಇಲ್ಲಿ ಕುಂತ್ರ ನನಗ ಆ ಮಾತೇ ಕೇಳಸ್ತದ."

ಮರುದಿನ ಬೆಳಿಗ್ಗೆ ಸುಧಾಕರ್ ಸಾರ್‌ಗೆ ಹೇಳಿದೆ. ಅವರು ಬಾಗಿಲು ಮುಚ್ಚಿ, "ನೀನು ಹೇಳಿಲ್ಲ, ನಾನು ಕೇಳಿಲ್ಲ ಅಂದ್ಕೋಮ್ಮ. ಸುಮ್ನೆ ಇದ್ಬಿಡು" ಎಂದರು. ಅದು ನನ್ನ ಒಳ್ಳೆಯದಕ್ಕೇ ಎಂದು ಅವರು ನಿಜವಾಗಿಯೂ ನಂಬಿದ್ದರು. ಆದರೆ ಮುಂದಿನ ವಾರ ವಿಚಾರಣೆಗೆ ಕಾರ್ಖಾನೆ ಇಲಾಖೆಯ ಅಧಿಕಾರಿಗಳು ಬಂದಾಗ ನಾನು ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟೆ. ಹೇಗೆ ಬಳಸಬೇಕೆಂದು ಕೆಲಸಗಾರನಿಗೆ ತಪ್ಪಾಗಿ ಹೇಳಿದವಳು ನಾನು, ಎಚ್ಚರಿಕೆ ಓದುವಂತಿರಲಿಲ್ಲ, ಅದೂ ನನಗೆ ಗೊತ್ತಿತ್ತು ಎಂದು ಬರೆದೆ. ಅಜಾಗರೂಕತೆ ಎಂಬ ಮಾತು ಮಲ್ಲಣ್ಣನ ಕಂಪನಿಯವರ ಕಾಗದದಿಂದ ಹೋಯಿತು. ಅವನನ್ನು ಆ ಘಟಕದವರು ಕೆಲಸದಿಂದ ತೆಗೆಯುವಂತಿರಲಿಲ್ಲ, ಗೇಟಿನ ಕೆಲಸಕ್ಕೆ ಇಟ್ಟುಕೊಂಡರು. ನನ್ನನ್ನು ಸುಧಾಕರ್ ಸಾರ್ ಬೆಂಚಿನಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದರು. ಸಂಕ್ರಾಂತಿಯ ಹೊತ್ತಿಗೆ ನಾನೇ ಬಿಟ್ಟು ಬೇರೆ ಕಡೆ ಸೇರಿಕೊಂಡೆ.

ಈಶ್ವರಯ್ಯ ಸಾರ್ ಮನೆಗೆ ಮಾತ್ರ ಹೋಗಲು ಕಾಲು ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಅವರು ವೈಟ್‌ಫೀಲ್ಡಿನಲ್ಲಿ ಮಗಳ ಅಪಾರ್ಟ್‌ಮೆಂಟಿಗೆ ಹೋಗಿಬಿಟ್ಟಿದ್ದರು. ಅವರ ಹೆಂಡತಿ ನೀಲಮ್ಮನವರು ಒಂದು ದಿನ ಫೋನು ಮಾಡಿ, "ನಿನ್ನ ಹೆಸರು ಹೇಳ್ತಿರ್ತಾರಮ್ಮ. ಸಾಧ್ಯವಾದ್ರೆ ಒಂದ್ಸಲ ಬಂದು ಹೋಗು" ಎಂದರು. ಆ ಭಾನುವಾರವೇ ಮೂರು ಬಸ್ಸು ಬದಲಿಸಿ ಹೋದೆ.

ಒಂಬತ್ತನೇ ಮಹಡಿ. ಬಾಲ್ಕನಿಗೆ ಮುಖ ಮಾಡಿ ಗಾಲಿಯ ಕುರ್ಚಿಯಲ್ಲಿ ಕೂತಿದ್ದರು. ದೇಹ ಅರ್ಧವಾಗಿತ್ತು. ಮುಖದಲ್ಲಿ ಯಾವ ಚಲನೆಯೂ ಇರಲಿಲ್ಲ, ಕಣ್ಣು ಮಾತ್ರ ನನ್ನನ್ನು ಗುರುತಿಸಿತು. ಹಣೆಯ ವಿಭೂತಿಯನ್ನು ಈಗ ನೀಲಮ್ಮನವರು ಹಚ್ಚುತ್ತಿದ್ದರಂತೆ. ಮಾತು ಬರುತ್ತಿತ್ತು, ಆದರೆ ಬಹಳ ಸಣ್ಣಗೆ, ಒಂದೊಂದು ಪದಕ್ಕೂ ಕಾಯಬೇಕಿತ್ತು. ನಾನು ಅವರ ಕಾಲಿನ ಹತ್ತಿರ ನೆಲದ ಮೇಲೆ ಕೂತೆ. ಈಗ ಏನು ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿದೆ. ಆಮೇಲೆ ಅವರಿಗೆ ಗೊತ್ತಿಲ್ಲದ್ದನ್ನು ಹೇಳಿದೆ.

"ಸಾರ್, ಅವತ್ತು ನೀವು ಆಟೊದಲ್ಲಿದ್ರಿ. ಮಲ್ಲಣ್ಣ ನನ್ನನ್ನ ಕೇಳಿದ. ಸೊನ್ನೆಗೆ ಇಟ್ರೆ ಆಫ್ ಅಂತ ನಾನೇ ಹೇಳಿದ್ದು. ನೀವು ಎಲ್ಲವನ್ನೂ ನಿಮ್ಮ ಮೇಲೆ ಹಾಕ್ಕೊಂಡ್ರಿ. ನಾನು ಸುಮ್ನೆ ನಿಂತಿದ್ದೆ."

ಅವರು ಬಾಲ್ಕನಿಯ ಕಡೆ ನೋಡುತ್ತಲೇ ಇದ್ದರು. ಕೇಳಿಸಿತೋ ಇಲ್ಲವೋ ಎಂದು ನಾನು ಮತ್ತೆ ಹೇಳಬೇಕು ಎನ್ನುವಷ್ಟರಲ್ಲಿ ತುಟಿ ಅಲುಗಿತು. ನಾನು ಕಿವಿಯನ್ನು ಹತ್ತಿರ ಒಯ್ದೆ.

"ಅವನು," ಎಂದರು. ಬಹಳ ಹೊತ್ತಾದ ಮೇಲೆ, "ಊಟ ಹೇಗೆ ಮಾಡ್ತಾನೆ?"

ನನಗೆ ಗೊತ್ತಿತ್ತು. ಆ ಮೂರು ವರ್ಷದಲ್ಲಿ ಎರಡು ಸಲ ಊಟದ ಹೊತ್ತಿಗೆ ಗೇಟಿನ ಹತ್ತಿರ ಅವನನ್ನು ನೋಡಿದ್ದೆ, ದೂರದಿಂದ. ಉಳಿದದ್ದನ್ನು ಅಲ್ಲಿನ ಕೆಲಸದವರಿಂದ ಕೇಳಿದ್ದೆ.

"ಎಡಗೈಯಲ್ಲಿ ಸಾರ್. ರೊಟ್ಟಿ ಮುರಿಯೋಕೆ ಆಗಲ್ಲ. ಹೆಂಡತಿ ಮುರಿದು ಡಬ್ಬಿಗೆ ಹಾಕಿ ಕಳಿಸ್ತಾಳೆ."

ಅವರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ನೀಲಮ್ಮನವರು ಊಟದ ತಟ್ಟೆ ತಂದರು. ಅನ್ನ ಸಾರು ಮೆತ್ತಗೆ ಕಲಸಿತ್ತು. ಕುರ್ಚಿಯ ಪಕ್ಕ ಕೂತು ಚಮಚ ಬಾಯಿಯ ಹತ್ತಿರ ಹಿಡಿದರು. ಈಶ್ವರಯ್ಯ ಸಾರ್ ಮುಖ ತಿರುಗಿಸಿದರು. ಆ ಕುತ್ತಿಗೆಯನ್ನು ಅಷ್ಟು ತಿರುಗಿಸಲು ಅವರಿಗೆ ಎಷ್ಟು ಕಷ್ಟವಾಗಿರಬೇಕೋ ಗೊತ್ತಿಲ್ಲ. ನೀಲಮ್ಮನವರು ಒಂದು ತುತ್ತು ಎಂದರು, ಮಗುವಿಗೆ ಹೇಳುವಂತೆ ಹೇಳಿದರು, ಚಮಚ ಹಿಡಿದ ಕೈ ನೋಯುವ ತನಕ ಕಾದರು. ಅವರು ಬಾಯಿ ತೆರೆಯಲಿಲ್ಲ.

"ದಿನಾ ಹೀಗೆ ಮಾಡಲ್ಲಮ್ಮ," ಎಂದರು ನೀಲಮ್ಮನವರು, ನನಗೆ ಬೇಜಾರಾಗದಿರಲಿ ಎಂದು. "ದಿನಾ ಚೆನ್ನಾಗೇ ತಿಂತಾರೆ."

ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಳಗೆ ತೆಗೆದುಕೊಂಡು ಹೋದರು.